ಹಾಡಿಗೆ ಒಂದು ಕೊನೆ ಇರುತ್ತದೆ: ಬೈಪೋಲಾರ್ ಇರುವವರು ಸಂಗೀತ ಕೇಳುವ ಬಗೆ

ಮನಸ್ಸು ಕೆಲವು ಕಾಲ ವಿಪರೀತ ಹುರುಪಿಗೆ (ಮೇನಿಯಾ) ಏರಿ, ಕೆಲವು ಕಾಲ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆ ಹತೋಟಿಗೆ ಬಂದ ಮೇಲೆ ಹಲವರು ವೈದ್ಯರ ಮುಂದೆ ಹೇಳಿಕೊಳ್ಳುವ ದೂರು ಒಂದಿದೆ. "ಈಗ ಜಾಸ್ತಿ ಖುಷಿಯೂ ಇಲ್ಲ, ಜಾಸ್ತಿ ದುಃಖವೂ ಇಲ್ಲ ಡಾಕ್ಟ್ರೇ. ಏನೂ ಅನ್ನಿಸ್ತಾನೇ ಇಲ್ಲ." ತಂಗಿಯನ್ನು ಗಂಡನ ಮನೆಗೆ ಕಳಿಸುವಾಗ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ನಾವು ಮಾತ್ರ ಛತ್ರ ಖಾಲಿ ಮಾಡೋದು ಎಷ್ಟು ಹೊತ್ತಿಗೆ ಅಂತ ಯೋಚಿಸುತ್ತಾ ನಿಂತಿರುತ್ತೇವೆ. ಇದು ಕಲ್ಲು ಮನಸ್ಸಲ್ಲ. ಕಾಯಿಲೆಯ ಇನ್ನೊಂದು ತೊಂದರೆ, ಅಷ್ಟೇ.

ಅದರ ಜೊತೆಗೆ ಭಯವೂ ಇರುತ್ತದೆ. ಬೆಳಿಗ್ಗೆ ಎದ್ದಾಗ ಮನಸ್ಸು ಹಗುರವಾಗಿದ್ದರೆ "ಮೇಲೆ ಹೋಗ್ತಿದೀನಾ?" ಅನ್ನುವ ಅನುಮಾನ. ಸಂಜೆ ಸುಮ್ನೆ ಕಣ್ಣು ತುಂಬಿದರೆ "ಮತ್ತೆ ಕೆಳಗೆ ಬೀಳ್ತಿದೀನಾ?" ಅನ್ನುವ ದಿಗಿಲು. ಮನೆಯವರೂ ಹಾಗೇ. ಟೀವಿ ನೋಡಿ ಜೋರಾಗಿ ನಕ್ಕರೆ ಸಾಕು, ಅಡುಗೆ ಮನೆಯಿಂದ ಅಮ್ಮನ ದನಿ ಬರುತ್ತದೆ: "ಮಾತ್ರೆ ತಗೊಂಡ್ಯೇನೋ?" ನಾನೂ ಈ ಕಾಯಿಲೆಯ ಜೊತೆ ಬದುಕುವವನೇ. ಆ ಪ್ರಶ್ನೆಯಲ್ಲಿ ಎಷ್ಟು ಪ್ರೀತಿ ಇದೆ, ಅದು ಎಷ್ಟು ಕಿರಿಕಿರಿ ಮಾಡುತ್ತದೆ, ಎರಡೂ ಗೊತ್ತು. ವರ್ಷಗಟ್ಟಲೆ ಹೀಗೇ ನಡೆದರೆ ಭಾವನೆಗಳ ಸಹವಾಸವೇ ಬೇಡ ಅನ್ನಿಸಿಬಿಡುತ್ತದೆ.

ಸಂಗೀತ ಇಲ್ಲಿ ಉಪಯೋಗಕ್ಕೆ ಬರುವುದಕ್ಕೆ ಕಾರಣ ಬಹಳ ಸರಳ. ಹಾಡಿಗೆ ಒಂದು ಶುರು ಇದೆ, ಒಂದು ಕೊನೆ ಇದೆ. ಐದು ನಿಮಿಷದ ಭಾವಗೀತೆಯಲ್ಲಿ ದುಃಖ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಮುಗಿಯುತ್ತದೆ. ಎಪಿಸೋಡ್‌ ಹಾಗಲ್ಲ. ಮನಸ್ಸು ಮೇಲೇರಿದ ಅಥವಾ ಕೆಳಗಿಳಿದ ಆ ಅವಧಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೂತುಬಿಡುತ್ತದೆ. ಒಂದು ಭಾವನೆಯನ್ನು ಹಾಡು ಇರುವಷ್ಟು ಹೊತ್ತು ಅನುಭವಿಸಿ, ಆಮೇಲೆ ಎದ್ದು ಬಟ್ಟೆ ಮಡಿಸಲು ಹೋಗಬಹುದು ಅಂತ ಮೈಗೆ ಗೊತ್ತಾಗಬೇಕು. ಸಂಗೀತದಿಂದ ಖುಷಿಯಾಗಿರುವುದು ಹೇಗೆ ಅನ್ನುವ ಲೇಖನ ಇದಲ್ಲ. ಸಣ್ಣಪುಟ್ಟ ಭಾವನೆಗಳಿಗೆ ಹೆದರದೆ ಇರುವುದನ್ನು ಅಭ್ಯಾಸ ಮಾಡುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ.

ಈಗಲೇ ನಿದ್ದೆ ಬಿಟ್ಟು ಓಡಾಡುತ್ತಿದ್ದರೆ, ಸಾಯಬೇಕು ಅನ್ನಿಸುತ್ತಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ ಇದನ್ನು ಓದುವುದು ಆಮೇಲಾಗಲಿ. ಮೊದಲು ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ನೇರ ಹೋಗಿ.

ಮೊದಲು ಡಾಕ್ಟರ ಹತ್ತಿರ ಒಂದು ಮಾತು

"ಏನೂ ಅನ್ನಿಸ್ತಿಲ್ಲ" ಅನ್ನುವುದಕ್ಕೆ ಕಾರಣ ಹಲವು. ಖಿನ್ನತೆ ಪೂರ್ತಿ ಹೋಗದೆ ತಳದಲ್ಲಿ ಉಳಿದಿರಬಹುದು. ಮಾತ್ರೆಯ ಡೋಸ್ ಜಾಸ್ತಿಯಾಗಿ ಮಂಪರು ಕವಿದಿರಬಹುದು. ಮೇನಿಯಾದ ದಿನಗಳ ರಭಸದ ಮುಂದೆ ಮಾಮೂಲಿ ದಿನ ಸಪ್ಪೆ ಕಾಣುತ್ತಿರಬಹುದು. ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಕಾರಣವೂ ಇದೆ, ಥೈರಾಯ್ಡ್. ಲಿಥಿಯಂ ಕೆಲವರ ಥೈರಾಯ್ಡ್ ಗ್ರಂಥಿಯನ್ನು ನಿಧಾನ ಮಾಡುತ್ತದೆ. ಆಗ ಸುಸ್ತು, ಜಡ, ಮೈ ಭಾರ, ಮನಸ್ಸು ಮಂಕು. ಟಿಎಸ್‌ಎಚ್ ಅನ್ನುವ ಒಂದು ರಕ್ತ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ, ಇದಕ್ಕೆ ಮಾತ್ರೆಯೂ ಇದೆ. ಥೈರಾಯ್ಡ್ ತೊಂದರೆ ಇಟ್ಟುಕೊಂಡು ನೂರು ರಾಗ ಕೇಳಿದರೂ ಏನೂ ಅನ್ನಿಸಲ್ಲ. ಹಾಗಾಗಿ ಮೊದಲ ಹೆಜ್ಜೆ ಹಾಡು ಹುಡುಕುವುದಲ್ಲ, ಈ ಪರೀಕ್ಷೆ ಕೊನೆಯ ಸಲ ಯಾವಾಗ ಮಾಡಿಸಿದ್ದು ಅಂತ ಫೈಲ್ ತೆಗೆದು ನೋಡುವುದು.

ಮಾತ್ರೆಯಿಂದಲೇ ಹೀಗಾಗ್ತಿದೆ ಅನ್ನಿಸಿದರೆ ಅದನ್ನೂ ಹೇಳಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಬೈಪೋಲಾರ್‌ಗೆ ಬರುವ ಮೇನಿಯಾದಲ್ಲಿ ಲಿಥಿಯಂ ಕೆಲಸ ಮಾಡುತ್ತದೆ ಅಂತ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಬರೆದರು. ಇವತ್ತಿಗೂ ಅದು ಮುಖ್ಯ ಔಷಧಿಗಳಲ್ಲಿ ಒಂದು. ಅದನ್ನು ಥಟ್ಟನೆ ಬಿಟ್ಟರೆ ಮೇನಿಯಾ ಮರುಕಳಿಸುವ ಅಪಾಯ ಜಾಸ್ತಿ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಮೇಲಿನ ತುದಿಯಲ್ಲಿದ್ದರೆ ಸ್ವಲ್ಪ ಇಳಿಸಬಹುದಾ ಅಂತ ವೈದ್ಯರು ನೋಡುತ್ತಾರೆ.

ವಾದ್ಯ ನುಡಿಸುವವರಿಗೆ, ಹಾಡುವವರಿಗೆ ಎರಡು ಮಾತು. ಲಿಥಿಯಂ, ವಾಲ್‌ಪ್ರೊಯೇಟ್ ಎರಡೂ ಮಾತ್ರೆಗಳಲ್ಲಿ ಕೈ ಸಣ್ಣಗೆ ನಡುಗಬಹುದು. ವೀಣೆಯ ಗಮಕ, ಪಿಟೀಲಿನ ಕಮಾನು ಎರಡಕ್ಕೂ ಅದು ತೊಡಕೇ. ಸುಮ್ಮನೆ ಸಹಿಸಿಕೊಳ್ಳಬೇಡಿ, ಡೋಸ್ ಬದಲಿಸುವ ಅಥವಾ ನಡುಕಕ್ಕೆ ಬೇರೆ ಮಾತ್ರೆ ಕೊಡುವ ದಾರಿ ಇದೆ. ನಡುಕ ಇದ್ದಕ್ಕಿದ್ದಂತೆ ಜಾಸ್ತಿಯಾಗಿ ವಾಂತಿ, ಭೇದಿ, ತೂರಾಟ ಬಂದರೆ ಮಾತ್ರ ಅದು ಬೇರೆ ಮಾತು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ವಿಚಿತ್ರ ಸಂಗತಿ: ಕಾರ್ಬಮಜೆಪೀನ್ ತೆಗೆದುಕೊಳ್ಳುವ ಕೆಲವೇ ಕೆಲವರಿಗೆ ಕೇಳಿದ ಸಂಗೀತವೆಲ್ಲ ಸುಮಾರು ಅರ್ಧ ಸ್ವರ ಇಳಿದಂತೆ ಕೇಳಿಸುತ್ತದೆ. ಇಂಥ ಪ್ರಕರಣಗಳನ್ನು, ಅದರಲ್ಲೂ ಜಪಾನಿನ ವೈದ್ಯರು ದಾಖಲಿಸಿದ್ದಾರೆ. ನಿಮ್ಮ ಪಿಯಾನೋ ಶ್ರುತಿ ತಪ್ಪಿದೆ, ನಿಮ್ಮ ತಂಬೂರಿ ಸರಿಯಿಲ್ಲ ಅಂತ ಜಗಳಕ್ಕೆ ಹೋಗುವ ಮುಂಚೆ ಇದೊಂದು ನೆನಪಿರಲಿ. ಔಷಧಿ ಬದಲಿಸಿದರೆ ಅದು ಸರಿಹೋಗುತ್ತದೆ, ಬದಲಿಸುವ ಕೆಲಸ ವೈದ್ಯರದ್ದು.

ಇವತ್ತು ಎಲ್ಲಿದ್ದೀನಿ?

ಹಾಡು ಹಾಕುವ ಮೊದಲು ಇದಕ್ಕೊಂದು ಉತ್ತರ ಬೇಕು. ಒಂದು ಸಣ್ಣ ಡೈರಿ ಸಾಕು. ಮೈನಸ್ 3ರಿಂದ ಪ್ಲಸ್ 3ರವರೆಗೆ ಒಂದು ಅಂಕೆ ಬರೆಯಿರಿ. ಮಾಮೂಲಿ ದಿನ ಸೊನ್ನೆ. ಹಾಸಿಗೆಯಿಂದ ಏಳಲಾಗದ ದಿನ ಮೈನಸ್ 3. ಪಕ್ಕದಲ್ಲಿ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದಿರಿ ಅಂತ ಬರೆಯಿರಿ. ಆ ಎರಡರಲ್ಲಿ ನಿದ್ದೆಯ ಅಂಕೆಯನ್ನು ಜಾಸ್ತಿ ನಂಬಿ. ಮೇಲೆ ಹೋಗುತ್ತಿರುವವನಿಗೆ ತಾನು ಮೇಲೆ ಹೋಗುತ್ತಿದ್ದೇನೆ ಅಂತ ಅನ್ನಿಸುವುದಿಲ್ಲ, ಈಗ ಸರಿಯಾದೆ ಅನ್ನಿಸುತ್ತದೆ. ನಾಲ್ಕೇ ಗಂಟೆ ಮಲಗಿ ಸುಸ್ತೇ ಇಲ್ಲದೆ ಎದ್ದಿದ್ದೀರಿ ಅಂದರೆ, ಮನಸ್ಸು ಏನೇ ಹೇಳಲಿ, ಅದು ಪ್ಲಸ್ ಕಡೆಯ ದಿನ.

ಮೈನಸ್ 1ರಿಂದ ಪ್ಲಸ್ 1ರೊಳಗೆ ಇದ್ದು ನಿದ್ದೆ ಸರಿಯಿದ್ದರೆ ಮಾತ್ರ ಮುಂದೆ ಹೇಳುವ "ಒಂದು ಹಾಡು ಪೂರ್ತಿ" ಅಭ್ಯಾಸ ಮಾಡಿ. ಅದರಾಚೆಗಿನ ದಿನಗಳಿಗೆ ಬೇರೆ ಕ್ರಮ.

ಹಾಡು ಕೂಡಿಸುವುದು

ಆಪ್‌ಗಳಲ್ಲಿ "ಸ್ಯಾಡ್", "ಹ್ಯಾಪಿ" ಅಂತ ತಯಾರಾಗಿ ಸಿಗುವ ಪಟ್ಟಿಗಳು ನಮ್ಮ ಕೆಲಸಕ್ಕೆ ಬರುವುದಿಲ್ಲ. ಆ ಹಾಡುಗಳಿಗೂ ನಿಮ್ಮ ಬದುಕಿಗೂ ಸಂಬಂಧ ಇರುವುದಿಲ್ಲ. ಮೊದಲು ಆಟೋಪ್ಲೇ ಆಫ್ ಮಾಡಿ. ಒಂದು ಹಾಡು ಮುಗಿಯುತ್ತಿದ್ದಂತೆ ಇನ್ನೊಂದು ತಾನೇ ಶುರುವಾದರೆ ಹಾಡಿಗೆ ಕೊನೆಯೇ ಇಲ್ಲದಂತಾಗುತ್ತದೆ. ಕೊನೆ ಇರಬೇಕು ಅನ್ನುವುದೇ ಅಲ್ವಾ ನಮ್ಮ ಲೆಕ್ಕ?

ಹಳೆಯ, ಚೆನ್ನಾಗಿ ಗೊತ್ತಿರುವ ಹಾಡುಗಳಿಂದ ಶುರು ಮಾಡಿ. ಇದಕ್ಕೊಂದು ಕಾರಣ ಇದೆ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಗಿಷ್ಟವಾದ ಸಂಗೀತ ಕೇಳಿ ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗುತ್ತದೆ. ಆ ಗಳಿಗೆ ಬರಲಿದೆ ಅಂತ ಕಾಯುವಾಗಲೂ ಆಗುತ್ತದೆ, ಮಿದುಳಿನ ಬೇರೆ ಭಾಗದಲ್ಲಿ. ಅನುಪಲ್ಲವಿ ಮುಗಿದು ಪಲ್ಲವಿ ಮತ್ತೆ ಬರುತ್ತದಲ್ಲ, ಆ ತಿರುವಿಗೆ ಮುಂಚಿನ ಒಂದೆರಡು ಕ್ಷಣವನ್ನು ಗಮನಿಸಿ. ಮನಸ್ಸು ಮುಂದಕ್ಕೆ ಬಾಗಿರುತ್ತದೆ. ಹೊಸ ಹಾಡಿನಲ್ಲಿ ಹಾಗೆ ಕಾಯಲು ಬರುವುದಿಲ್ಲ.

ಏನು ಹುಡುಕಬೇಕು ಅಂತ ಗೊತ್ತಾಗದಿದ್ದರೆ ಕಾಯಿಲೆಗೆ ಮುಂಚಿನ ದಿನಗಳಿಗೆ ಹೋಗಿ. ಬೈಪೋಲಾರ್ ಸಾಮಾನ್ಯವಾಗಿ ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅದಕ್ಕೂ ಮೊದಲು ನೀವು ಕೇಳಿದ ಸಂಗೀತ ಇರುತ್ತದೆ. ಬೆಳಿಗ್ಗೆ ಆಕಾಶವಾಣಿಯಲ್ಲಿ ಬರುತ್ತಿದ್ದ ದಾಸರ ಪದ, ಶಾಲೆಯ ವಾರ್ಷಿಕೋತ್ಸವಕ್ಕೆ ಹೇಳಿಕೊಟ್ಟ ಭಾವಗೀತೆ, ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದ, ಸೋಬಾನೆ, ಗೀಗೀ ಪದ, ಬಯಲಾಟದ ಚೆಂಡೆ, ಮಸೀದಿಯ ಬೀದಿಯಲ್ಲಿ ಕೇಳಿದ ಕವ್ವಾಲಿ, ಚರ್ಚಿನ ಕೊಂಕಣಿ ಹಾಡು. ಒಳ್ಳೆ ಸಂಗೀತವೇ ಆಗಬೇಕು ಅಂತೇನಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಸಿನಿಮಾ ಹಾಡು ಶಾಸ್ತ್ರೀಯ ಕೀರ್ತನೆಗಿಂತ ಜಾಸ್ತಿ ಕೆಲಸ ಮಾಡಿದರೆ ಅದೇ ಸರಿಯಾದ ಹಾಡು.

ಕೂಡಿಸಿದ ಮೇಲೆ ಹಾಡು ಮೈಗೆ ಏನು ಮಾಡುತ್ತದೆ ಅನ್ನುವುದರ ಮೇಲೆ ಬೇರೆ ಮಾಡಿ. ಉಸಿರು ನಿಧಾನ ಮಾಡುವುವು ಒಂದು ಗುಂಪು. ಕಾಲು ಕುಣಿಸುವುವು ಇನ್ನೊಂದು. ಗಂಟಲು ಬಿಗಿಯುವಂತೆ ಮಾಡುವುವು ಮೂರನೆಯದು. ನಾಲ್ಕನೆಯ ಗುಂಪು ಬಹಳ ಮುಖ್ಯ: ಕಾಯಿಲೆಯ ದಿನಗಳಿಗೆ ಅಂಟಿಕೊಂಡ ಹಾಡುಗಳು. ಮೇನಿಯಾದಲ್ಲಿ ರಾತ್ರಿಯಿಡೀ ಕೇಳಿದ್ದು, ಆಸ್ಪತ್ರೆಗೆ ಸೇರಿದ ವಾರ ಕಿವಿಯಲ್ಲಿ ಗುಂಯ್‌ಗುಟ್ಟಿದ್ದು. ಇವನ್ನು ಅಳಿಸಬೇಕಿಲ್ಲ. ಬೇರೆ ಇಡಿ, ಒಬ್ಬರೇ ಇದ್ದಾಗ ಹಾಕಬೇಡಿ. ಆಪ್ತಸಮಾಲೋಚಕರು ಇದ್ದರೆ ಅವರ ಎದುರು ಕೂತು ಕೇಳಬಹುದು, ಅಲ್ಲಿಯವರೆಗೆ ಅದಕ್ಕೆ ಅವಸರವಿಲ್ಲ.

ಇಂಥ ರಾಗಕ್ಕೆ ಇಂಥ ಭಾವ ಅನ್ನುವ ಪಟ್ಟಿಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ನೀಲಾಂಬರಿ ನಿದ್ದೆ ತರಿಸುತ್ತದೆ, ಮುಖಾರಿ ಶೋಕದ್ದು, ಹಂಸಧ್ವನಿ ಹುರುಪು ಕೊಡುತ್ತದೆ ಅನ್ನುವುದು ಬಳಕೆಯಲ್ಲಿರುವ ಮಾತು, ತಪ್ಪೇನಲ್ಲ. ಆದರೆ ಅದೇ ಮೋಹನ ರಾಗ ತೊಟ್ಟಿಲ ಪದದಲ್ಲಿ ಒಂದು ಥರ, ದ್ರುತಗತಿಯ ವರ್ಣದಲ್ಲಿ ಇನ್ನೊಂದು ಥರ. ರಾಗಕ್ಕಿಂತ ವೇಗ, ಸದ್ದು, ನೆನಪು ಜಾಸ್ತಿ ಲೆಕ್ಕಕ್ಕೆ ಬರುತ್ತವೆ.

ಒಂದು ಹಾಡು, ಪೂರ್ತಿ

ಇದೇ ಮುಖ್ಯ ಅಭ್ಯಾಸ. ವಾರಕ್ಕೆ ಮೂರು ಸಲ ಸಾಕು. ಹೊತ್ತು ಒಂದೇ ಇರಲಿ, ಬೆಳಗಿನ ಕಾಫಿ ಆದ ಮೇಲೆ ಅಥವಾ ಸಂಜೆ ದೀಪ ಹಚ್ಚುವ ಹೊತ್ತಿಗೆ. ರಾತ್ರಿ ಊಟವಾದ ಮೇಲೆ ಬೇಡ.

ಇಯರ್‌ಫೋನ್ ಬೇಡ, ಸ್ಪೀಕರ್ ಇರಲಿ. ಇಯರ್‌ಫೋನಿನಲ್ಲಿ ಸಂಗೀತ ತಲೆಯೊಳಗೇ ನಡೆಯುತ್ತದೆ. ಸ್ಪೀಕರ್ ಆದರೆ ಅದು ಕೋಣೆಯ ಆ ಮೂಲೆಯಲ್ಲಿರುತ್ತದೆ, ನೀವು ಇಲ್ಲಿರುತ್ತೀರಿ. ಮೊದಮೊದಲು ಆ ಅಂತರ ಬೇಕು. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೆ ಊರಿ. ಫೋನ್ ಕೈಗೆ ಎಟುಕುವಂತೆ ಇರಲಿ. ಬೇಡ ಅನ್ನಿಸಿದ ಗಳಿಗೆ ನಿಲ್ಲಿಸುವ ಹಕ್ಕು ನಿಮ್ಮದು.

ಗಂಟಲು ಬಿಗಿಯುವ ಗುಂಪಿನಿಂದ ಶುರು ಮಾಡಬೇಡಿ. ಉಸಿರು ನಿಧಾನ ಮಾಡುವ ಒಂದು ಹಾಡು ಹಾಕಿ. ಶುರುವಿನಲ್ಲಿ ಸಾಹಿತ್ಯ ಬಿಡಿ, ಒಂದೇ ವಾದ್ಯವನ್ನು ಹಿಂಬಾಲಿಸಿ. ತಬಲಾ ಆಗಲಿ, ಕೊಳಲಾಗಲಿ, ಹಿಂದೆ ಮೊರೆಯುವ ತಂಬೂರಿಯೇ ಆಗಲಿ. ಮನಸ್ಸು ಕರೆಂಟ್ ಬಿಲ್ ಕಡೆ ಹೋಗುತ್ತದೆ. ಹೋಗಲಿ. ಮತ್ತೆ ಅದೇ ವಾದ್ಯಕ್ಕೆ ಬನ್ನಿ. ಪಲ್ಲವಿ ಎರಡನೇ ಸಲ ಬಂದಾಗ ಮೈಯನ್ನು ಒಮ್ಮೆ ನೋಡಿಕೊಳ್ಳಿ. ಭುಜ ಮೇಲೆದ್ದಿದೆಯಾ? ಹಲ್ಲು ಕಚ್ಚಿದ್ದೀರಾ? ಹೊಟ್ಟೆ ಬಿಗಿಯಾಗಿದೆಯಾ, ಎದೆ ಸಡಿಲವಾಗಿದೆಯಾ? ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದೆಯಾ? ಭಾವನೆ ಕಳೆದುಹೋಗಿದೆ ಅನ್ನುವವರ ಬೆರಳು ತಾಳ ಹಾಕುತ್ತಿರುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ತಲೆಗೆ ಗೊತ್ತಾಗುವ ಮುಂಚೆ ಮೈಗೆ ಗೊತ್ತಾಗಿರುತ್ತದೆ.

ಹಾಡು ನಿಂತ ಮೇಲೆ ಒಂದು ನಿಮಿಷ ಏನೂ ಹಾಕಬೇಡಿ. ಡೈರಿಯಲ್ಲಿ ಒಂದು ಸಾಲು ಬರೆಯಿರಿ. "ಚೆನ್ನಾಗಿತ್ತು", "ಬೇಜಾರಾಯ್ತು" ಅಂತ ಬರೆದು ಕೈತೊಳೆದುಕೊಳ್ಳದೆ ಸ್ವಲ್ಪ ಹತ್ತಿರ ಹೋಗಿ. ಅದು ಕಸಿವಿಸಿಯಾ, ತಳಮಳವಾ, ಅಳುಕಾ, ಹಂಬಲವಾ, ಮುನಿಸಾ, ನೆಮ್ಮದಿಯಾ, ಸುಮ್ನೆ ನಿರಾಳವಾ? ಎರಡು ಒಟ್ಟಿಗೇ ಇದ್ದರೆ ಎರಡೂ ಬರೆಯಿರಿ. ಏನೂ ಇಲ್ಲದಿದ್ದರೆ "ಏನೂ ಇಲ್ಲ, ಎಡ ಭುಜ ಬಿಗಿ" ಅಂತ ಬರೆದರೂ ಸಾಕು. ಅದೂ ಒಂದು ಸುದ್ದಿಯೇ.

ಆಮೇಲೆ ಕೈಗೆ ಕೆಲಸ ಕೊಡಿ. ಒಣಗಿದ ಬಟ್ಟೆ ಮಡಿಸಿ, ಕೊತ್ತಂಬರಿ ಸೊಪ್ಪು ಬಿಡಿಸಿ, ಗಿಡಕ್ಕೆ ನೀರು ಹಾಕಿ. ಇದನ್ನು ಬಿಡಬೇಡಿ. ಹಾಡು ಎಬ್ಬಿಸಿದ ಭಾವನೆ ಕೆಲಸದ ನಡುವೆ ಮೆಲ್ಲಗೆ ಕರಗುವುದನ್ನು ನೋಡಬೇಕು. ನಾವು ಕಲಿಯಬೇಕಾದ್ದು ಆ ಕರಗುವುದನ್ನೇ. ಅರ್ಧ ಗಂಟೆಯಾದರೂ ಅದು ಇಳಿಯದೆ ಏರುತ್ತಲೇ ಇದ್ದರೆ ಆ ಹಾಡನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಕೆಲವು ವಾರ ಹೀಗೆ ನಡೆದು, ನಿದ್ದೆ ನೆಟ್ಟಗಿದ್ದರೆ, ಗಂಟಲು ಬಿಗಿಯುವ ಗುಂಪಿನಿಂದ ಒಂದನ್ನು ತೆಗೆದುಕೊಳ್ಳಿ. ಅಳು ಬಂದರೆ ಅಳಿ. ಐದು ನಿಮಿಷ ಅತ್ತು, ಮುಖ ತೊಳೆದು, ಅನ್ನಕ್ಕೆ ಇಡಲು ಹೋದರೆ ಅದು ಖಿನ್ನತೆ ಅಲ್ಲ. ಅಳು ಅಷ್ಟೇ. ಹಾಗೆ ಅಳಲು ಬಂದ ದಿನ ಡೈರಿಯಲ್ಲಿ ಅದನ್ನು ಸೊನ್ನೆಯ ಕೆಳಗೆ ಹಾಕಬೇಡಿ.

ಕೆಳಗಿರುವ ದಿನ

ಮೈನಸ್ 2, ಮೈನಸ್ 3ರ ದಿನ ಸಂಗೀತದಿಂದ ಏನನ್ನೂ ಪರೀಕ್ಷೆ ಮಾಡಲು ಹೋಗಬೇಡಿ. "ನನ್ನ ಇಷ್ಟದ ಹಾಡೂ ಮುಟ್ಟಲಿಲ್ಲ" ಅನ್ನುವುದು ಇನ್ನೊಂದು ಸೋಲಿನ ಥರ ತಲೆಯಲ್ಲಿ ಕೂರುತ್ತದೆ. ಖಿನ್ನತೆಯಲ್ಲಿ ಇಷ್ಟದ ವಸ್ತು ರುಚಿಸದಿರುವುದು ಕಾಯಿಲೆಯ ಲಕ್ಷಣವೇ ಹೊರತು ಹಾಡಿನ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಅಂಥ ದಿನ ತಂಬೂರಿಯ ಶ್ರುತಿಯನ್ನೋ, ರೇಡಿಯೋವನ್ನೋ ಸಣ್ಣಗೆ ಹಾಕಿಟ್ಟರೆ ಸಾಕು. ಕೇಳಬೇಕು ಅಂತಿಲ್ಲ, ಮನೆಯಲ್ಲಿ ಒಂದು ದನಿ ಇದ್ದರೆ ಆಯಿತು.

ಮೈನಸ್ 1ರ ಹತ್ತಿರ ಇದ್ದರೆ ಸಂಗೀತ ಚಿಕಿತ್ಸೆಯವರ ಹಳೆಯ ಉಪಾಯ ಒಂದಿದೆ. ಅಮೆರಿಕದ ಮನೋವೈದ್ಯ ಐರಾ ಆಲ್ಟ್‌ಶುಲರ್ 1940ರ ದಶಕದಲ್ಲಿ ಇದನ್ನು ಹೇಳಿದರು, ಐಸೋ ಪ್ರಿನ್ಸಿಪಲ್ ಅಂತ ಹೆಸರು. ಮೊದಲು ಈಗಿನ ಮನಸ್ಸಿಗೆ ಹೊಂದುವ ಸಂಗೀತ ಹಾಕಬೇಕು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬದಲಿಸಬೇಕು. ಮಂಕಾಗಿರುವವನ ಮುಂದೆ ನೇರ ಡೊಳ್ಳು ಬಾರಿಸಿದರೆ ಅವನಿಗೆ ರೇಗುತ್ತದೆ, ಅಷ್ಟೇ.

ಹಿಂದೂಸ್ತಾನಿ ವಾದ್ಯ ಸಂಗೀತದಲ್ಲಿ ಈ ಮೆಟ್ಟಿಲು ತಯಾರಾಗಿಯೇ ಇದೆ. ಸಿತಾರ್ ಅಥವಾ ಸರೋದ್ ಆಲಾಪದಲ್ಲಿ ತಾಳವೇ ಇರುವುದಿಲ್ಲ. ಸ್ವರಗಳು ಒಂದೊಂದಾಗಿ ಬರುತ್ತವೆ, ನಡುವೆ ಬೇಕಾದಷ್ಟು ಮೌನ. ಆಮೇಲೆ ಜೋಡ್‌, ಅಲ್ಲಿ ಮೆಲ್ಲಗೆ ಒಂದು ಲಯ ಹುಟ್ಟುತ್ತದೆ. ಝಾಲಾಕ್ಕೆ ಬರುವಷ್ಟರಲ್ಲಿ ತಂತಿಗಳು ಓಡುತ್ತಿರುತ್ತವೆ. ಕೆಳಗಿರುವ ದಿನ ಆಲಾಪದಿಂದ ಜೋಡ್‌ವರೆಗೆ ಹೋಗಿ ನಿಲ್ಲಿಸಿ. ಝಾಲಾ ಬೇಕಿಲ್ಲ. ಶಾಸ್ತ್ರೀಯ ಒಗ್ಗದಿದ್ದರೆ ಮೂರು ಹಾಡಿನ ಸರಣಿ ಮಾಡಿ: ಒಂದು ಮಂಕಿನದು, ಒಂದು ನಡುವಿನದು, ಒಂದು ನಡೆಯಲು ಸರಿಹೋಗುವಂಥದ್ದು. ಮೂರನೆಯದು ಶುರುವಾದಾಗ ಎದ್ದು ಚಪ್ಪಲಿ ಹಾಕಿಕೊಂಡು ಬೀದಿಯ ತುದಿಯವರೆಗೆ ಹೋಗಿ ಬನ್ನಿ.

ಒಂದು ಎಚ್ಚರಿಕೆ. ಒಂದೇ ದುಃಖದ ಹಾಡನ್ನು ಮತ್ತೆ ಮತ್ತೆ ಹಾಕಿ ಕೂರಬೇಡಿ. ದುಃಖದ ಹಾಡು ಹಲವರಿಗೆ ಸಮಾಧಾನ ಕೊಡುತ್ತದೆ, ನಿಜ. ಆದರೆ ಹಳೆಯದನ್ನೇ ಮೆಲುಕು ಹಾಕಿ ಕೊರಗುವ ಸ್ವಭಾವ ಇರುವವರಿಗೆ ಅದು ಕೊರಗನ್ನು ಗಟ್ಟಿ ಮಾಡುತ್ತದೆ. ಹಾಡು ಮುಗಿದ ಮೇಲೆ ಹಗುರವಾದಿರಾ, ಇನ್ನಷ್ಟು ಭಾರವಾದಿರಾ ಅನ್ನುವುದೇ ಅಳತೆ. ಭಾರವಾದರೆ ಎರಡನೇ ಸಲ ಬೇಡ.

ಮೇಲೆ ಹೋಗುವ ದಿನ

ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೇನಿಯಾ ಶುರುವಾಗುವಾಗ ಸಂಗೀತ ಎಂದೂ ಇಲ್ಲದಷ್ಟು ಚೆನ್ನಾಗಿ ಕೇಳಿಸುತ್ತದೆ. ಒಂದೊಂದು ಸ್ವರವೂ ಹೊಳೆಯುತ್ತದೆ. ವರ್ಷಗಟ್ಟಲೆ ಸಪ್ಪೆಯಾಗಿದ್ದವನಿಗೆ ಭಾವನೆ ಮರಳಿ ಸಿಕ್ಕಿತು ಅನ್ನಿಸುವುದೇ ಆಗ. ಅಂಥ ದಿನ ಜೋರು ಸಂಗೀತ ಅಂದರೆ ಉರಿಯುವ ಒಲೆಗೆ ಸೀಮೆಎಣ್ಣೆ ಸುರಿದ ಹಾಗೆ.

ಗಮನಿಸಬೇಕಾದ ಗುರುತುಗಳು ಹಾಡು ಕೇಳುವ ರೀತಿಯಲ್ಲೇ ಸಿಗುತ್ತವೆ. ವಾಲ್ಯೂಮ್ ದಿನದಿನಕ್ಕೂ ಏರುತ್ತಿದೆ. ಹಾಡು ಅರ್ಧಕ್ಕೇ ಬೇಸರವಾಗಿ ಮುಂದಿನದಕ್ಕೆ ಹಾರುತ್ತಿದ್ದೀರಿ. ರಾತ್ರಿ ಎರಡು ಗಂಟೆಗೆ ಗೆಳೆಯರಿಗೆ ಒಂದರ ಹಿಂದೊಂದು ಲಿಂಕ್ ಕಳಿಸುತ್ತಿದ್ದೀರಿ. ಗಿಟಾರ್, ಕೀಬೋರ್ಡ್, ಮೈಕ್ ಎಲ್ಲ ಒಟ್ಟಿಗೆ ಕೊಳ್ಳಬೇಕು ಅನ್ನಿಸುತ್ತಿದೆ. ಹಾಡಿನ ಸಾಲು ನಿಮಗೆಂದೇ ಬರೆದಂತೆ, ನಿಮಗೊಂದು ಸಂದೇಶ ಕೊಡುತ್ತಿರುವಂತೆ ಕೇಳುತ್ತಿದೆ. ಈ ಕೊನೆಯದು ಕಂಡರೆ ಅವತ್ತೇ ವೈದ್ಯರಿಗೆ ಹೇಳಬೇಕು, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವಂತಿಲ್ಲ.

ಆಗ ಮಾಡಬೇಕಾದ್ದು ಕಡಿಮೆ ಮಾಡುವುದು. ದಿನಕ್ಕೆ ಒಂದೇ ಸಲ, ಹಗಲಿನಲ್ಲಿ, ಸಣ್ಣ ಸದ್ದಿನಲ್ಲಿ, ಸಾಹಿತ್ಯವಿಲ್ಲದ ನಿಧಾನ ಸಂಗೀತ. ಸಂಜೆ ಏಳರ ಮೇಲೆ ಏನೂ ಬೇಡ. ಇಯರ್‌ಫೋನ್ ಮನೆಯವರ ಕೈಗೆ ಕೊಟ್ಟುಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿಗೆ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ ಸದ್ದು, ಅದೇ ಮಿತಿ. ನಿದ್ದೆ ಇಲ್ಲದವನು ಇದನ್ನು ಮೂರೇ ದಿನದಲ್ಲಿ ದಾಟಿಬಿಡಬಲ್ಲ. ಹೊಸ ರಾಗಸಂಯೋಜನೆ, ಆಲ್ಬಂ, ಚಾನೆಲ್ ಅಂತ ಏನೇ ಹೊಳೆದರೂ ಪುಸ್ತಕದಲ್ಲಿ ಬರೆದಿಡಿ. ಎರಡು ರಾತ್ರಿ ಪೂರ್ತಿ ನಿದ್ದೆ ಮಾಡಿದ ಮೇಲೆ ತೆಗೆದು ನೋಡಿ. ಒಳ್ಳೆಯ ವಿಚಾರ ಎರಡು ರಾತ್ರಿಗೆ ಹಾಳಾಗುವುದಿಲ್ಲ.

ಕೆಲವೊಮ್ಮೆ ಎರಡೂ ಬೆರೆತು ಬರುತ್ತದೆ. ಮನಸ್ಸು ಪಾತಾಳದಲ್ಲಿ, ಮೈ ಮಾತ್ರ ಚಡಪಡಿಕೆಯಲ್ಲಿ. ಇದು ಅಪಾಯದ ಹೊತ್ತು. ಆಗ ಯಾವ ಹಾಡೂ ಬೇಡ. ಒಬ್ಬರೇ ಇರಬೇಡಿ, ವೈದ್ಯರನ್ನು ಕಾಣಿ.

ಬಾಯಿ, ಕೈ

ಕೇಳುವುದಕ್ಕಿಂತ ಹಾಡುವುದು ಬೇಗ ಮೈಗಿಳಿಯುತ್ತದೆ. ಹಾಡಲು ಉಸಿರು ಉದ್ದ ಬಿಡಲೇಬೇಕು, ಅದರಿಂದಲೇ ಅರ್ಧ ಸಮಾಧಾನ. ದನಿ ಚೆನ್ನಾಗಿಲ್ಲ ಅನ್ನುವವರು ಬಾಯಿ ಮುಚ್ಚಿ ಗುನುಗಿ, ಎದೆಯ ಮೇಲೆ ಅಂಗೈ ಇಟ್ಟು ಕಂಪನ ಎಲ್ಲಿ ಸಿಗುತ್ತದೆ ನೋಡಿ.

ಹಾಡಲೂ ಮನಸ್ಸಿಲ್ಲದ ದಿನಕ್ಕೆ ಆದಿತಾಳ ಇದೆ. ಬಲ ಅಂಗೈಯಿಂದ ತೊಡೆಯ ಮೇಲೆ ಒಂದು ತಟ್ಟು. ಕಿರುಬೆರಳು, ಉಂಗುರ ಬೆರಳು, ನಡುಬೆರಳು ಒಂದೊಂದಾಗಿ ಎಣಿಸಿ. ಇಲ್ಲಿಗೆ ನಾಲ್ಕು. ಮತ್ತೆ ಒಂದು ತಟ್ಟು, ಅಂಗೈ ಮೇಲೆ ಮಾಡಿ ಒಂದು ವೀಸು. ಇನ್ನೊಂದು ತಟ್ಟು, ಇನ್ನೊಂದು ವೀಸು. ಎಂಟು ಎಣಿಕೆ, ಒಂದು ಆವರ್ತ. ಗಡಿಯಾರದ ಸೆಕೆಂಡಿಗೆ ಒಂದರಂತೆ ಶುರು ಮಾಡಿ. ತಲೆ ಓಡುತ್ತಿರುವಾಗ ಕೈ ತಾನಾಗಿ ವೇಗ ಹೆಚ್ಚಿಸುತ್ತದೆ, ಅದು ಎಣಿಕೆಯಲ್ಲಿ ಕಾಣುತ್ತದೆ. ಮೈ ಎಷ್ಟು ಅವಸರದಲ್ಲಿದೆ ಅಂತ ತಿಳಿಯಲು ಇದಕ್ಕಿಂತ ಅಗ್ಗದ ಯಂತ್ರ ಇಲ್ಲ.

ಬೇರೆಯವರ ಜೊತೆ ಹಾಡಲು ಸಿಕ್ಕರೆ ಬಿಡಬೇಡಿ. ವಾರದ ಭಜನೆ, ಸುಗಮ ಸಂಗೀತದ ತರಗತಿ, ಚರ್ಚಿನ ಕಾಯರ್, ಯಾವುದಾದರೂ ಸರಿ. ಗುಂಪಿನಲ್ಲಿ ದನಿ ಸೇರಿಸುವವನನ್ನು ಯಾರೂ "ಹೇಗಿದೀಯಾ ಈಗ?" ಅಂತ ಕೇಳುವುದಿಲ್ಲ. ಅದೇ ಒಂದು ದೊಡ್ಡ ಉಪಕಾರ. ನಿಗದಿತ ವಾರ, ನಿಗದಿತ ಹೊತ್ತು ಅನ್ನುವುದೂ ಬೈಪೋಲಾರ್‌ಗೆ ಒಳ್ಳೆಯದು. ಊಟ, ನಿದ್ದೆ, ಜನರ ಒಡನಾಟ ದಿನಾ ಒಂದೇ ಹೊತ್ತಿಗೆ ಇರಬೇಕು ಅನ್ನುವುದರ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಫ್ರಾಂಕ್ ಒಂದು ಚಿಕಿತ್ಸಾ ಕ್ರಮವನ್ನೇ ಕಟ್ಟಿದ್ದಾರೆ.

ತೊಂದರೆ ಇರುವುದು ರಾತ್ರಿಯ ಕಾರ್ಯಕ್ರಮಗಳಲ್ಲಿ. ಅಹೋರಾತ್ರಿ ಸಂಗೀತ, ಶಿವರಾತ್ರಿ ಜಾಗರಣೆ, ಗಣೇಶನ ಹಬ್ಬದ ಆರ್ಕೆಸ್ಟ್ರಾ, ಬೆಳಗಿನವರೆಗೆ ನಡೆಯುವ ಯಕ್ಷಗಾನ. ಒಂದೇ ರಾತ್ರಿ ನಿದ್ದೆ ಕೆಟ್ಟರೂ ಕೆಲವರಿಗೆ ಮೇನಿಯಾ ಶುರುವಾಗಲು ಸಾಕು. ಹೋಗಲೇಬೇಡಿ ಅನ್ನುವುದಿಲ್ಲ. ಮೊದಲ ಎರಡು ಗಂಟೆ ಕೂತು, ವಾಪಸು ಬರುವ ಗಾಡಿಯನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗಿ. ಮಾತ್ರೆ ಮಾಮೂಲಿ ಹೊತ್ತಿಗೇ ತಗೊಳ್ಳಿ. ಮಂಪರು ಬರಿಸುವ ಮಾತ್ರೆಯಾದರೆ ಗಾಡಿ ನೀವು ಓಡಿಸಬೇಡಿ. ಕರಾವಳಿಯಲ್ಲಿ ಈಗ ಕಾಲಮಿತಿ ಯಕ್ಷಗಾನ ಇದೆ, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಹಳೆಯ ಅಭಿಮಾನಿಗಳಿಗೆ ಅದು ಒಪ್ಪಿಗೆಯಿಲ್ಲದೆ ಇರಬಹುದು. ನಮ್ಮಂಥವರಿಗೆ ಒಂದು ಅನುಕೂಲ.

ಮನೆಯವರಿಗೆ

ನಗು, ಅಳು, ಹಾಡು ಎಲ್ಲಕ್ಕೂ ಮಾತ್ರೆಯ ಪ್ರಶ್ನೆ ಬೇಡ. ಕೇಳಲೇಬೇಕು ಅನ್ನಿಸಿದರೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದು ಅಂತ ಕೇಳಿ, ಅದು ಜಾಸ್ತಿ ಉಪಯೋಗದ ಪ್ರಶ್ನೆ. ಕೋಣೆಯಲ್ಲಿ ಮಗಳು ಹಾಡು ಕೇಳಿ ಅಳುತ್ತಿದ್ದರೆ ಬಾಗಿಲ ಹತ್ತಿರ ನಿಂತು "ಇಲ್ಲೇ ಇದೀನಿ ಕಣೇ" ಅಂದರೆ ಸಾಕು. ಅವಳು ಚೆನ್ನಾಗಿರುವ ದಿನವೇ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: ಯಾವ ಗುರುತು ಕಂಡರೆ ನೀವು ಹೇಳಬಹುದು, ಹೇಳಿದಾಗ ಅವಳು ಏನು ಮಾಡುತ್ತಾಳೆ. "ಅಪ್ಪ ಎರಡು ಸಲ ವಾಲ್ಯೂಮ್ ಕಡಿಮೆ ಮಾಡು ಅಂದರೆ ಅವತ್ತಿಗೆ ಸ್ಪೀಕರ್ ಬಂದ್" ಅನ್ನುವಷ್ಟು ಸರಳವಾಗಿರಲಿ. ಬರೆದು ಫೈಲಿನಲ್ಲಿಡಿ. ಜಗಳದ ನಡುವೆ ಮಾಡಿದ ಒಪ್ಪಂದ ನಿಲ್ಲುವುದಿಲ್ಲ.

ಸಹಾಯ ಎಲ್ಲಿ, ಯಾರಿಂದ ದೂರ

ಸಂಗೀತ ಚಿಕಿತ್ಸಕರ ಹತ್ತಿರ ಹೋಗುವ ಆಸೆ ಇದ್ದರೆ ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ ನೋಡಿ. ನಿಮ್ಮ ಮನೋವೈದ್ಯರು ಯಾರು, ಯಾವ ಮಾತ್ರೆ, ಕೊನೆಯ ಎಪಿಸೋಡ್ ಯಾವಾಗ ಅಂತ ಕೇಳಿದರೆ ಕೂರಬಹುದು. ತರಬೇತಿ ಎಲ್ಲಾಗಿದೆ ಅಂತ ನೀವೂ ಕೇಳಿ. "ಈ ರಾಗ ನಲವತ್ತೆಂಟು ದಿನ ಕೇಳಿ, ಮಾತ್ರೆ ಬಿಟ್ಟುಬಿಡಿ" ಅನ್ನುವವರ ಬಾಗಿಲಿನಿಂದ ಹಾಗೇ ವಾಪಸು ಬನ್ನಿ. ಯಾವ ರಾಗವೂ ಲಿಥಿಯಂ ಮಾಡುವ ಕೆಲಸ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆಗಳಿವೆ. ದೂರ ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಸಲ ವೈದ್ಯರನ್ನು ಕಾಣಲು ಹೋಗುವಾಗ ಆ ಡೈರಿಯನ್ನೂ ಜೊತೆಗೆ ಒಯ್ಯಿರಿ. ಒಪಿಡಿಯಲ್ಲಿ ಸಿಗುವುದು ಐದೋ ಹತ್ತೋ ನಿಮಿಷ. "ಪರವಾಗಿಲ್ಲ ಡಾಕ್ಟ್ರೇ" ಅಂತ ಮಾತು ಮುಗಿಸುವ ಬದಲು ನಿದ್ದೆಯ ಅಂಕೆಗಳನ್ನು ತೋರಿಸಿ, ಯಾವ ವಾರದಿಂದ ಹಾಡು ಮತ್ತೆ ಮುಟ್ಟಲು ಶುರುವಾಯಿತು, ಅಥವಾ ಇಲ್ಲಿಯವರೆಗೂ ಮುಟ್ಟಲೇ ಇಲ್ಲ ಅಂತ ತೋರಿಸಿ. ಡೋಸ್ ಬದಲಾದ ತಾರೀಖನ್ನು ಅದೇ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದರೆ ಅವರ ಕೆಲಸವೂ ಸುಲಭ, ನಿಮ್ಮದೂ ಸುಲಭ.